ಭರಣಿಯಲ್ಲಿಟ್ಟ ಉಡ

ಅಪ್ಪ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದು, ನಾವು ದೆಹಲಿಯ ಕ್ವಾರ್ಟರ್ಸ್‌ನಲ್ಲಿದ್ದ ಆ ದಿನಗಳಲ್ಲಿ ಮಳೆಗಾಲವೆಂದರೆ ರಸ್ತೆ ತುಂಬ ಬಿದ್ದು ಒಡೆದ ನೇರಳೆಹಣ್ಣಿನ ಹುಳಿವಾಸನೆ, ಹಿತ್ತಲ ಕರಿಬೇವು ಕಿತ್ತು ಅಮ್ಮ ಮಾಡುತ್ತಿದ್ದ ಉಪ್ಪಿಟ್ಟು, ಮತ್ತು ಉಡ. ಲಗೋರಿಯ ಚೆಂಡು ಹಿಂದಿನ ಚರಂಡಿಗೆ ಉರುಳಿದರೆ ತರಲು ನಾನೇ ಹೋಗಬೇಕಿತ್ತು. ಅಲ್ಲಿ ಗೋಡೆಯ ಬಿರುಕಿನಲ್ಲಿ ಅದರ ವಾಸ. ಸೀಳುನಾಲಿಗೆ ಚಾಚಿ ನನ್ನನ್ನೊಮ್ಮೆ ವಿಚಾರಿಸಿಕೊಂಡು ಮತ್ತೆ ಬಿಸಿಲಿಗೆ ಮೈ ಚೆಲ್ಲುತ್ತಿತ್ತು.

ಉಳಿದ ಮಕ್ಕಳಿಗೆ ಅದರ ಹೆಸರೆತ್ತಿದರೇ ನಡುಕ. ಅಲ್ಲಿನವರು ಅದನ್ನು ಬಿಸ್‌ಖೋಪ್ರಾ ಎನ್ನುತ್ತಿದ್ದರು. ಅದರ ಉಸಿರು ತಾಗಿದರೂ ಮನುಷ್ಯ ಸಾಯುತ್ತಾನಂತೆ!

"ಅದು ಉಡ ಕಣೇ, ವಿಷ ಗಿಷ ಏನೂ ಇಲ್ಲ. ಅದರ ಪಾಡಿಗೆ ಅದಿರಲಿ ಬಿಡು" ಎನ್ನುತ್ತಿದ್ದಳು ಅಮ್ಮ, ಉಪ್ಪಿಟ್ಟು ಕೆದಕುತ್ತಲೇ.

ಒಂದು ಭಾನುವಾರ ಚರಂಡಿ ಉಕ್ಕಿ ಉಡ ಅಂಗಳಕ್ಕೆ ಬಂತು. ಎದುರುಮನೆಯ ಆಂಟಿ ಕಿರುಚಿದರು. ಗಂಡಸರು ಕ್ರಿಕೆಟ್ ಬ್ಯಾಟು, ಕಬ್ಬಿಣದ ಸರಳು ಹಿಡಿದು ಇಳಿದರು. "ಮತ್ ಮಾರೋ ಅಂಕಲ್, ಹೊಡೀಬೇಡಿ, ವಿಷ ಇಲ್ಲ ಅದಕ್ಕೆ!" ಎಂದು ಎರಡು ಭಾಷೆ ಕಲಸಿ ಕೂಗಿದೆ. "ಹಟ್ ಜಾ ಬೇಟಾ" ಎಂದು ಯಾರೋ ತೋಳು ಹಿಡಿದು ಆಚೆಗೆಳೆದರು. ಮೇಲಿನ ಬಾಲ್ಕನಿಯಲ್ಲಿ ನಮ್ಮ ಶಾಲೆಯ ಜೀವಶಾಸ್ತ್ರದ ಮೇಷ್ಟ್ರು ಚಹಾ ಕುಡಿಯುತ್ತ ನಿಂತಿದ್ದರು. ಅವರು ಒಂದು ಮಾತು ಹೇಳಿದ್ದರೆ ಎಲ್ಲರೂ ಕೇಳುತ್ತಿದ್ದರು. ನಾನು ಅವರನ್ನೇ ನೋಡಿದೆ. ಅವರು ಚಹಾ ಮುಗಿಸಿ ಒಳಗೆ ಹೋದರು.

ಮರುವಾರ ಲ್ಯಾಬಿನ ಮೇಜಿನ ಮೇಲೆ ಉಡ ಭರಣಿಯೊಳಗೆ ಮುದುರಿಕೊಂಡಿತ್ತು. ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯಿತು. ಹೊರಗೆ ಅಂಟಿಸಿದ ಚೀಟಿಯಲ್ಲಿ ವಂಶ, ವರ್ಗ, ಗಣ, ಕುಟುಂಬ, ಪ್ರಭೇದ ಎಲ್ಲವೂ ದುಂಡಗಿನ ಅಕ್ಷರದಲ್ಲಿ. "ನೋಟ್ ಕರೋ," ಎಂದರು ಮೇಷ್ಟ್ರು, "ಲೋಗ್ ಡರ್‌ತೇ ಹೈಂ, ಪರ್ ಇಸ್‌ಮೇಂ ಜಹರ್ ನಹೀಂ ಹೋತಾ." ಜನ ಸುಮ್ಮನೆ ಹೆದರುತ್ತಾರಂತೆ, ವಿಷವಿಲ್ಲವಂತೆ!

ಗೊತ್ತಿದ್ದೂ ಅಂದೇಕೆ ಹೇಳಲಿಲ್ಲವೆಂದು ಕೇಳಲು ನಾನು ಎದ್ದು ನಿಂತೆ. "ಸರ್, ಆಪ್‌ಕೋ ಪತಾ ಥಾ? ತೋ ಬೋಲೇ ಕ್ಯೋಂ ನಹೀಂ?"

"ಅರೇ ಬೇಟಾ, ಲ್ಯಾಬ್ ಕೋ ಸ್ಪೆಸಿಮೆನ್ ಚಾಹಿಯೇ ಥಾ" ಎಂದು ನಕ್ಕರು. ತರಗತಿಯೂ ನಕ್ಕಿತು.

ಹೆದರಿ ಹೊಡೆದವರನ್ನು ಎಂದೋ ಕ್ಷಮಿಸಿದ್ದೇನೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡದೆ, ಲ್ಯಾಬಿಗೊಂದು ಹೆಣ ಸಿಗಲೆಂದು ಕಾದು ನಿಂತ ಆ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ. ನನ್ನದು ಉಡದ ಪಟ್ಟು ಎಂದು ಅಪ್ಪ ಛೇಡಿಸುತ್ತಿದ್ದರು. ಈ ವಿಷಯದಲ್ಲಿ ಹೌದು, ಬಿಡುವವಳಲ್ಲ.

ಆ ಕ್ವಾರ್ಟರ್ಸ್ ಈಗಿಲ್ಲ. ನೇರಳೆ ಮರಗಳನ್ನೂ ಕಡಿದುಹಾಕಿದರು. ಈಗ ನಾವಿರುವ, ದೆಹಲಿ ಪಕ್ಕದ ಇಂದಿರಾಪುರಂನ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಹುಲ್ಲುಹಾಸಿಗೆ ವಾರವಾರ ಔಷಧಿ ಹೊಡೆಯುತ್ತಾರೆ. ಕಪ್ಪೆಯಿಲ್ಲ, ಓತಿಕ್ಯಾತವಿಲ್ಲ, ಹೊಡೆಯೋಣವೆಂದರೂ ಒಂದು ಉಡವಿಲ್ಲ.

ಮೊನ್ನೆ ಮಗಳು ಪರೀಕ್ಷೆಗೆ ವಂಶ, ವರ್ಗ, ಗಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಒಂದೂ ತಪ್ಪದೆ ಒಪ್ಪಿಸಿದಳು. ಸರೀಸೃಪಕ್ಕೆ ಉಡದ ಉದಾಹರಣೆಯನ್ನೂ ಬರಿ ಎಂದೆ.

"ಉಡ ಮತ್ಲಬ್ ಏನು? ನಂಗೆ ತೋರಿಸ್ತೀಯಾ, ಮಮ್ಮಾ?"

ತೋರಿಸೋಣವೆಂದರೆ ಉಡ ಸಿಗುವ ಜಾಗವೆಂದು ನನಗೆ ಗೊತ್ತಿರುವುದು ಆ ಭರಣಿಯೊಂದೇ.