ದೇವರು ಊರಲ್ಲಿಲ್ಲದ ತಿಂಗಳು

ಯಾದಗಿರಿ ಸ್ಟೇಷನ್ನಿನಲ್ಲಿ ಅಕ್ಕನ ಕಾಲು ನೋಡಿದಾಗಲೇ ನಾನು ನಿಜ ಹೇಳಿಬಿಡಬೇಕಿತ್ತು. ಆಕೆ ಬರಿಗಾಲಲ್ಲಿ ನಿಂತಿದ್ದಳು. ನಸುಕಿನ ಕತ್ತಲಲ್ಲಿ ನಾವು ಶಹಾಪುರದಿಂದ ಬಂದ ಬಸ್ಸಿನಲ್ಲೇ ಚಪ್ಪಲಿ ಬಿಟ್ಟು ಬಂದಳೇನೋ ಅಂದುಕೊಂಡು ಬಯ್ಯಲು ಬಾಯಿ ತೆರೆದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಮರ್ತಿಲ್ಲೋ ತಮ್ಮ," ಅಂದಳು. "ಮನ್ಯಾಗ ಬಿಟ್ಟು ಬಂದೀನಿ. ದರ್ಶನ ಆಗೋತನಕ ಕಾಲಿಗೆ ಹಾಕಂಗಿಲ್ಲಂತ ಹರಕಿ ಹೊತ್ತೀನಿ."

ನಾವು ಹೊರಟಿದ್ದು ಹಿಮಾಲಯಕ್ಕೆ, ಅದೂ ಚಳಿಗಾಲದಲ್ಲಿ. ಆಗ ನನ್ನ ಬಾಯಿಂದ ಹೊರಟದ್ದು, "ಛಲೋ ಆತು, ಥಂಡಿಗೆ ಕಾಲು ಸೆಟದು ಹೋಗ್ಲಿ," ಎನ್ನುವ ಒಂದು ಮಾತು ಮಾತ್ರ. ರೈಲು ಬಂತು, ಹತ್ತಿದೆವು.

ಈ ದೇವರ ಕತೆ ಹುಟ್ಟಿಸಿದವನು ನಾನೇ. ಭಾವನಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ಅಕ್ಕ ಆ ಮೂರು ವರ್ಷದಲ್ಲಿ ಅವರ ಮಂಚ ಬಿಟ್ಟು ಹೋದದ್ದೆಂದರೆ ಹಾಲಿನ ಅಂಗಡಿ, ಔಷಧದ ಅಂಗಡಿ, ಅಷ್ಟೇ. ನಮ್ಮಿಬ್ಬರ ಮನೆ ಒಂದೇ ಓಣಿಯಲ್ಲಿ. ದಿನಾ ಬೆಳಿಗ್ಗೆ ಅವಳು ಅವರ ಬಟ್ಟೆ ಒಗೆಯುವುದನ್ನು ನೋಡಿಯೇ ನಾನು ಕಚೇರಿಗೆ ಹೋಗುತ್ತಿದ್ದೆ. ಎಂಟು ದಿನವಾದರೂ ಈಕೆಯನ್ನು ಆ ಮನೆಯಿಂದ ಹೊರಗೆ ಒಯ್ಯಬೇಕು ಅನ್ನಿಸುತ್ತಿತ್ತು. ಅದು ಅರ್ಧ ಸತ್ಯ. ಹಿಮ ನೋಡಬೇಕು, ಬೆಟ್ಟ ಹತ್ತುವ ಆ ಪುಟ್ಟ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಬೇಕು ಎಂಬ ಆಸೆ ನನಗೇ ಇತ್ತು. ನನ್ನ ಆಸೆಗೆ ಅವಳ ಹೆಸರು ಹಚ್ಚಿದೆ.

ತಿರುಗಾಡಲು ಬಾ ಎಂದರೆ ಬರುವವಳಲ್ಲ. "ಗಂಡ ಹಾಸಿಗಿ ಹಿಡದಾನ, ಈಕಿ ಬರ್ಫ ನೋಡಾಕ ಹೋಗ್ಯಾಳ ಅಂತಾರ ಮಂದಿ," ಅಂದಳು. ಮಂದಿ ಹಾಗೆ ಅನ್ನುತ್ತಾರೆಂಬುದೂ ಸುಳ್ಳಾಗಿರಲಿಲ್ಲ. ದೇವರಿಗೆ ಹೋದರೆ ಮಾತ್ರ ಯಾರೂ ಕೇಳುವುದಿಲ್ಲ. ಆಗ ಫೋನಿನಲ್ಲಿ ಒಂದು ಫೋಟೋ ತೋರಿಸಿದೆ. ಪುಟ್ಟ ರೈಲು ನಿಲ್ಲುವ ಒಂದು ಹಳ್ಳಿ, ಅಲ್ಲಿ ಇಳಿಜಾರು ಮಾಡಿನ ಕಟ್ಟಿಗೆಯ ಗುಡಿ. "ಭಾಳ ಜಾಗೃತ ದೇವ್ರಂತ," ಅಂದೆ. ಯಾವ ದೇವರೆಂದು ನನಗೂ ಗೊತ್ತಿರಲಿಲ್ಲ. ಗುಡಿಯೊಂದು ಇದ್ದರೆ ಸಾಕು, ಕೈ ಮುಗಿಸಿಕೊಂಡು ಬಂದರಾಯಿತು ಎಂಬುದು ನನ್ನ ಲೆಕ್ಕ. ನನ್ನ ಹೆಂಡತಿ ಭಾವನಿಗೆ ಅಡುಗೆ ಮಾಡಿಕೊಡಲು ಒಪ್ಪಿದಳು. ಉಳಿದದ್ದಕ್ಕೆ ಭಾವನ ತಮ್ಮ ಬಂದು ಇರುವುದೆಂದಾಯಿತು.

ಎರಡು ದಿನದ ದೊಡ್ಡ ರೈಲು ಮುಗಿದು, ಬೆಟ್ಟದ ಬುಡದಲ್ಲಿ ಪುಟ್ಟ ರೈಲು ಹತ್ತಿದೆವು. ಆಟದ ಸಾಮಾನಿನ ಹಾಗಿತ್ತು. ಸುರಂಗದ ಮೇಲೆ ಸುರಂಗ, ತಿರುವಿನ ಮೇಲೆ ತಿರುವು. ಕೆಳಗೆ ನೋಡಿದರೆ ನಾವು ಆಗಲೇ ದಾಟಿ ಬಂದ ಹಳಿ ಕಾಣುತ್ತಿತ್ತು. ದೇವದಾರು ಮರಗಳು, ಅವುಗಳ ಹಿಂದೆ ದೂರದಲ್ಲಿ ಬಿಳಿ ಬೆಟ್ಟದ ಸಾಲು. ಜನ ಕಿಟಕಿಗೆ ಮುಗಿಬಿದ್ದು ಹಿಗ್ಗುತ್ತಿದ್ದರು. ನಾನೂ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

ಅಕ್ಕ ಕಾಲು ಮಡಚಿ ಸೀರೆಯೊಳಗೆ ಸೇರಿಸಿಕೊಂಡು ಸುಮ್ಮನೆ ಕೂತಿದ್ದಳು. "ನೋಡಲ್ಲಿ, ಎಷ್ಟು ಛಂದ ಅದ," ಅಂದೆ.

"ಏನು ನೋಡ್ಲಿ? ಎತ್ತಾಗ ನೋಡಿದ್ರೂ ಗ್ವಾಡಿ ಕಟ್ಟಿದಂಗ ಅದ. ಇಲ್ಲಿ ಮಂದಿಗೆ ಮಳಿ ಬರೋದು ಹ್ಯಾಂಗ ತಿಳೀತದೋ ಏನೋ," ಅಂದಳು.

ನಮ್ಮ ಎರೆ ಹೊಲದಲ್ಲಿ ನಿಂತರೆ ಮೂರು ಊರಾಚೆಯ ಮಳೆ ಕಾಣುತ್ತದೆ. ಅಂಥ ಬಯಲಿನವಳು ಅವಳು. ಇಷ್ಟು ದೂರ ಕರೆತಂದರೆ ಗೋಡೆ ಅನ್ನುತ್ತಾಳಲ್ಲ ಎಂದು ನನಗೆ ರೇಗಿತು. ಎದುರಿಗೆ ಕೂತಿದ್ದ ಹೆಂಗಸೊಬ್ಬಳು ತನ್ನ ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದು ಕೊಟ್ಟಳು. ಅಕ್ಕ ಕೈ ಮುಗಿದು ತಿರುಗಿ ಕೊಟ್ಟಳು. ಅವಳ ಬೆರಳುಗಳು ಆಗಲೇ ನೀಲಿಯಾಗಿದ್ದವು. ಆಗಲೂ ಹೇಳಬಹುದಿತ್ತು. ಇನ್ನೇನು ಗುಡಿ ಬಂದೇ ಬಿಡುತ್ತದೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದು ಮತ್ತೆ ಕಿಟಕಿಯ ಕಡೆ ತಿರುಗಿದೆ.

ಆ ಹಳ್ಳಿಯಲ್ಲಿ ಇಳಿದವರು ನಾವಿಬ್ಬರೇ. ಕಲ್ಲುಚಪ್ಪಡಿಯ ಮಾಡಿನ ಹತ್ತಿಪ್ಪತ್ತು ಮನೆಗಳು, ಎಲ್ಲದರ ಬಾಗಿಲೂ ಮುಚ್ಚಿತ್ತು. ಗುಡಿ ಮೇಲಿತ್ತು. ದಾರಿಯ ಹಿಮ ಜನ ತುಳಿದು ತುಳಿದು ಗಟ್ಟಿಯಾಗಿ ಜಾರುತ್ತಿತ್ತು. ನಾನು ಬೂಟು ಹಾಕಿಕೊಂಡು ಎರಡು ಸಲ ಬಿದ್ದೆ. ಅಕ್ಕ ಬೀಳಲಿಲ್ಲ. ಪ್ರತಿ ಹೆಜ್ಜೆಗೂ ಉಸಿರು ಬಿಗಿಹಿಡಿದು ನಡೆದಳು. ಕೆಂಡ ಹಾಯುವವರು ಹಾಗೆ ನಡೆಯುವುದನ್ನು ನೋಡಿದ್ದೇನೆ.

ಗುಡಿಯ ಬಾಗಿಲಿಗೆ ದೊಡ್ಡ ಬೀಗ. ಪಕ್ಕದಲ್ಲಿ ದುಂಡನೆ ಟೊಪ್ಪಿಗೆಯ ಮುದುಕನೊಬ್ಬ ಕಟ್ಟಿಗೆ ಒಡೆಯುತ್ತಿದ್ದ. ಪೂಜಾರಿ ಅವನೇ. ಬಾಗಿಲು ತೆಗೆಯಿರಿ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಕೊಡಲಿ ಕೆಳಗಿಟ್ಟು, ದೇವರು ಸ್ವರ್ಗಕ್ಕೆ ಹೋಗಿದ್ದಾನೆ, ಪ್ರತಿ ವರ್ಷ ಈ ತಿಂಗಳು ಹೋಗುತ್ತಾನೆ, ಬರುವುದು ಮುಂದಿನ ತಿಂಗಳು, ಅಲ್ಲಿಯವರೆಗೆ ಪೂಜೆಯಿಲ್ಲ, ಬೇಡಿಕೆಯಿಲ್ಲ, ಬಾಗಿಲೂ ತೆಗೆಯುವಂತಿಲ್ಲ ಎಂದ. ಬಸ್ಸಿನ ಟೈಮು ಹೇಳುವಷ್ಟು ಸಹಜವಾಗಿ ಹೇಳಿದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಪೂಜಾರಿ ಇದ್ದ, ದೇವರೇ ಇರಲಿಲ್ಲ.

ಬೇರೆ ಏನಾದರೂ ಕಟ್ಟಿ ಹೇಳೋಣವೆಂದು ಅಕ್ಕನ ಕಡೆ ತಿರುಗಿದೆ. ಆದರೆ ನಮ್ಮದು ನಿಜಾಮನ ಸೀಮೆ. ಬಳೆಗಾರರ ಜೊತೆ, ದರ್ಜಿಗಳ ಜೊತೆ ಅರ್ಧ ಉರ್ದುವಿನಲ್ಲೇ ಮಾತಾಡುತ್ತ ಬೆಳೆದವಳು ಅವಳು. ಪೂಜಾರಿಯ ಹಿಂದಿ ಅವಳಿಗೆ ಎಲ್ಲ ತಿಳಿದಿತ್ತು.

"ಬಾಗಲಕ್ಕ ಕೈ ಮುಗಿ ಅಕ್ಕ, ಮುಟ್ತದ," ಅಂದೆ.

"ಮನ್ಯಾಗ ಯಾರೂ ಇಲ್ಲಂತ ಗೊತ್ತಾದ ಮ್ಯಾಲ ಯಾರಿಗಿ ಮುಗೀಲಿ? ನಿನಗ ಇದು ಗೊತ್ತಿದ್ದಿಲ್ಲೇನು?"

ಆಗ ಹೇಳಿದೆ. ಫೋಟೋ ಬಿಟ್ಟರೆ ಬೇರೇನೂ ಗೊತ್ತಿಲ್ಲ, ದೇವರ ಹೆಸರೂ ಗೊತ್ತಿಲ್ಲ, ನೀನು ಬರಲಿ ಎಂದು ಹೇಳಿದೆ ಅಂದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಅಕ್ಕ ಗುಡಿಯ ಮೆಟ್ಟಿಲ ಮೇಲೆ ಕೂತಳು. "ನಿಮ್ಮ ಭಾವ ಅವ್ರ ತಮ್ಮನ ಮಾರಿ ಸೈತ ನೋಡ್ತಿದ್ದಿಲ್ಲ, ಹೊಲದ ಜಗಳ ಆದಾಗಿಂದ," ಅಂದಳು. "ಅಂಥವನ ಕೈಲೆ ಎಂಟು ದಿನ ಮೈ ತೊಳಸ್ಕೊಳ್ಳಾಕ ಒಪ್ಪ್ಯಾರ. ಮೊದಲ ಒಲ್ಲೆ ಅಂದ್ರು. ನಾ ದೇವರ ಹೆಸರು ಹೇಳಿದೆ. ಮಾರಿ ಗ್ವಾಡಿ ಕಡಿ ಮಾಡಿ, ಆತು ಹೋಗಿ ಬಾ ಅಂದ್ರು. ಈಗ ಹೋಗಿ ಏನು ಹೇಳ್ಲಿ ನಾ?"

ನನ್ನ ಸುಳ್ಳಿನ ಭಾರವನ್ನು ಹೊತ್ತವನು ಮಲಗಿದಲ್ಲೇ ಮಲಗಿರುವ ಒಬ್ಬ ಮನುಷ್ಯ ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಬೂಟು ಬಿಚ್ಚಿ ಅವಳ ಮುಂದಿಟ್ಟೆ. "ದರ್ಶನ ಆಗಿಲ್ಲಲ್ಲ," ಎಂದು ಅದನ್ನು ನನ್ನ ಕಡೆ ಸರಿಸಿದಳು. ಹಾಗೇ ಇಳಿದಳು. ವಾಪಸು ಬರುವಾಗ ರೈಲಿನಲ್ಲಿ ಇಬ್ಬರೂ ಹೊರಗೆ ನೋಡಲಿಲ್ಲ.

ಮನೆಗೆ ಬಂದಾಗ ಭಾವ ಪಡಸಾಲೆಯ ಮಂಚದಲ್ಲಿ ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದ್ದರು. "ಆತೇನು?" ಎಂದು ತೊದಲಿದರು. ನಾನು ಬಾಯಿ ಬಿಡುವ ಮೊದಲೇ ಅಕ್ಕ ಅಂದಳು, "ಆತ್ರಿ. ಕಣ್ಣ ತುಂಬ ದರ್ಶನ ಆತು."

ಗೋಡೆಯ ದೇವರ ಮಾಡದಲ್ಲಿದ್ದ ಮನೆಯ ವಿಭೂತಿಯನ್ನೇ ತಂದು ಅವರ ಹಣೆಗೆ ಹಚ್ಚಿದಳು. ಭಾವ ಎಡಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. ದೇವರು ಹೇಗಿದ್ದ ಎಂದು ನನ್ನನ್ನು ಕೇಳಿದರು. ಬೆಳ್ಳಿಯ ಮುಖ, ದೊಡ್ಡ ಕಣ್ಣು ಅಂದೆ. ಅಕ್ಕ ತಲೆ ತಗ್ಗಿಸಿ ನನ್ನ ಮಾತು ಕೇಳುತ್ತಿದ್ದಳು, ಮುಂದೆ ತಾನೂ ಅದನ್ನೇ ಹೇಳಬೇಕಲ್ಲ. ಭಾವ ಅವಳಿಗೆ, "ಇನ್ನರ ಚಪ್ಪಲಿ ಹಾಕ್ಕೋ," ಅಂದರು.

ಅಕ್ಕ ಈಗ ದಿನಾ ಅವರ ಕಣ್ಣೆದುರಿಗೆ ಅಂಗಳದಲ್ಲಿ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಓಣಿ ತಿರುಗಿದ ಕೂಡಲೇ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ. ನಮ್ಮ ಮನೆ ಇರುವುದು ಆ ತಿರುವಿನಲ್ಲೇ, ಹಾಗಾಗಿ ನನಗೆ ಗೊತ್ತು. ಬಿಸಿಲು ಏರಿ ಡಾಂಬರು ಕುದಿಯುವ ದಿನ ಬಂದಾಗ ತಡೆಯಲಾರದೆ ಅಡ್ಡ ನಿಂತೆ. ಅವಳ ಹಿಮ್ಮಡಿ ಒಡೆದು ರಕ್ತ ಒಸರುತ್ತಿತ್ತು.

"ಅಕ್ಕ, ತಿಂಗಳು ಆಗಿ ಹೋತು. ಆ ದೇವ್ರು ಇಷ್ಟೊತ್ತಿಗಿ ಬಂದಿರಬೇಕು. ಹಾಕ್ಕೋ ಇನ್ನ."

"ಬಂದಿರ್ತಾನ," ಅಂದಳು ಅಕ್ಕ. "ನಾ ಹೋಗಿಲ್ಲಲ್ಲ."

ಮಧ್ಯಾಹ್ನಕ್ಕೆ ಔಷಧದ ಅಂಗಡಿ ಮುಚ್ಚುವ ಹೊತ್ತಾಗಿತ್ತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.