ಆರನೇ ಕ್ಲಾಸಿನ ಸೀಟು

ಅರೆಕೆರೆಯ ಸರ್ಕಾರಿ ಶಾಲೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್ಸು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಪುಸ್ತಕದ ಸಹವಾಸ ಬಿಟ್ಟು ಕತ್ತರಿ ಹಿಡಿದವಳು ನಾನು. ಕಳೆದ ವರ್ಷ ಐದನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಒಂದು ಮಧ್ಯಾಹ್ನ ಶಾಲೆಯಿಂದ ಓಡಿ ಬಂದು, ಒಂದು ಜೆರಾಕ್ಸ್ ಹಾಳೆಯನ್ನು ನನ್ನ ಮೆಷಿನ್ನಿನ ಮೇಲೆ ಇಟ್ಟಳು.

"ಅಮ್ಮ, ಇದನ್ನ ನಾವಿಬ್ರೂ ಬರೀತೀವಿ. ಬೇಡ ಅನ್ಬೇಡ."

ಅದು ಸರ್ಕಾರದ್ದೇ ಒಂದು ವಸತಿ ಶಾಲೆಯ ಪ್ರಕಟಣೆ. ಪ್ರವೇಶ ಪರೀಕ್ಷೆ ಇಟ್ಟು ಆರನೇ ಕ್ಲಾಸಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಸೀಟು ಸಿಕ್ಕಿದರೆ ಹನ್ನೆರಡನೆಯ ಕ್ಲಾಸಿನವರೆಗೆ ಊಟ, ವಸತಿ, ಓದು ಎಲ್ಲ ಅಲ್ಲೇ. 'ನಾವಿಬ್ರೂ' ಅಂದರೆ ಅವಳು ಮತ್ತು ಅವಳ ಗೆಳತಿ. ನಮ್ಮ ಬೀದಿಯ ಕೊನೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗಳು ಅವಳು. ಯಾದಗಿರಿ ಕಡೆಯಿಂದ ಬಂದವರು. ಅವಳ ತಾಯಿ ಅದೇ ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಶಾಲೆ ಬಿಟ್ಟ ಮೇಲೆ ಇಬ್ಬರು ಹುಡುಗಿಯರೂ ನನ್ನ ಅಂಗಡಿಯ ಬಟ್ಟೆ ಚೂರುಗಳ ಮೇಲೆ ಕೂತು ಹೋಂವರ್ಕ್ ಮಾಡುವುದು ರೂಢಿ.

ಆ ಭಾನುವಾರವೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹಳೇ ಗೈಡೊಂದನ್ನು ಹುಡುಕಿ ತಂದೆ. ಮೊದಲ ಮಾಲೀಕ ಅರ್ಧ ಉತ್ತರಗಳನ್ನು ಪೆನ್ನಿನಲ್ಲಿ ಬರೆದುಬಿಟ್ಟಿದ್ದ, ಅದರಲ್ಲೂ ಅರ್ಧ ತಪ್ಪು. ಗಣಿತ, ಭಾಷೆ ಹೇಗೋ ಅರ್ಥವಾಯಿತು. 'ಮಾನಸಿಕ ಸಾಮರ್ಥ್ಯ' ಅನ್ನುವ ಭಾಗ ತೆಗೆದಾಗ ಮಾತ್ರ ಹುಡುಗಿಯರು ಕಣ್ಣು ಕಣ್ಣು ಬಿಟ್ಟರು. ಬರೀ ಚಿತ್ರಗಳು. ಕಾಗದವನ್ನು ಎರಡು ಸಲ ಮಡಿಸಿ ಒಂದು ಮೂಲೆ ಕತ್ತರಿಸಿದ್ದಾರೆ, ಬಿಡಿಸಿದರೆ ಹೇಗೆ ಕಾಣುತ್ತದೆ?

ನಾನು ಬಗ್ಗಿ ನೋಡಿದೆ. ಉತ್ತರ ತಟ್ಟನೆ ಕಂಡಿತು.

ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದೇ ಅದಲ್ಲವೆ! ಬಟ್ಟೆ ಮಡಿಸಿ ಬ್ಲೌಸಿನ ಕತ್ತು ಕತ್ತರಿಸುವಾಗ ಬಿಡಿಸಿದ ಮೇಲೆ ಹೇಗೆ ಕಾಣುತ್ತದೆಂದು ಗೊತ್ತಿಲ್ಲದಿದ್ದರೆ ಗಿರಾಕಿಯ ರೇಷ್ಮೆ ರವಿಕೆ ಕಣ ಹಾಳಾಗುತ್ತದೆ. ಮುಂದಿನ ಪುಟ ತಿರುಗಿಸಿದೆ. ಕನ್ನಡಿಯ ಪ್ರತಿಬಿಂಬ. ಎಡತೋಳು, ಬಲತೋಳು! ಅದರ ಮುಂದಿನದು ಗುಂಪಿಗೆ ಸೇರದ ಚಿತ್ರ ಹುಡುಕುವುದು. ಅದೂ ಬಂತು. ಒಂದಾದ ಮೇಲೊಂದು ಹನ್ನೆರಡು ಪ್ರಶ್ನೆಗೆ ಉತ್ತರ ಹೇಳಿ ಗೈಡಿನ ಕೊನೆಯ ಪುಟದಲ್ಲಿ ತಾಳೆ ನೋಡಿದರೆ ಹನ್ನೆರಡೂ ಸರಿ. ಪರೀಕ್ಷೆಯಲ್ಲಿ ಎಂದೂ ಪೂರ್ತಿ ಅಂಕ ಕಾಣದ ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

"ಅಮ್ಮ, ನೀನು ಸಖತ್ ಬ್ರಿಲಿಯಂಟು!" ಅಂದಳು ಮಗಳು. ಗೆಳತಿ ಆಗಲೇ ಬುಟ್ಟಿಯಿಂದ ಒಂದು ಚೂರು ಬಟ್ಟೆ ಎತ್ತಿಕೊಂಡು, ಮಡಿಸಿ, ಕತ್ತರಿಗಾಗಿ ಕೈ ಚಾಚಿದಳು.

ಆಮೇಲೆ ಮೂರು ತಿಂಗಳು ದಿನಾ ಸಂಜೆ ನಮ್ಮ ಅಂಗಡಿ ಕ್ಲಾಸ್‌ರೂಮಾಯಿತು. ಅವರು ಮಡಿಸುವುದು, ನಾನು ಕತ್ತರಿಸುವುದು, ಬಿಡಿಸುವ ಮೊದಲು ಮೂವರೂ ಊಹಿಸುವುದು. ಬ್ಲೌಸುಗಳು ತಡವಾದವು. ಗಿರಾಕಿಗಳು ಬೈದರು. ಬೈಯಲು ಬಂದ ಒಬ್ಬ ಮೇಡಂ ಅಲ್ಲೇ ನಿಂತು ಎರಡು ಚಿತ್ರಕ್ಕೆ ತಪ್ಪು ಉತ್ತರ ಹೇಳಿ ನಕ್ಕು ಹೋದರು.

ಅರ್ಜಿಗೆ ಶಾಲೆಯ ಸೀಲು ಬೇಕಿತ್ತು. ಹೆಡ್ ಮೇಡಂ ಹತ್ತಿರ ಹೋದೆ. ಸೀಲು ಒತ್ತಿದರು, ಆದರೆ ಮುಖ ಸಪ್ಪಗಿತ್ತು.

"ನಂಗೆ ಈ ಪರೀಕ್ಷೇನೇ ಸರಿ ಕಾಣಲ್ಲಮ್ಮ," ಅಂದರು. "ಒಂದು ಕ್ಲಾಸಲ್ಲಿ ಚುರುಕಾಗಿರೋರು ಇಬ್ರೋ ಮೂರೋ ಜನ. ಅವ್ರಿದ್ರೆ ಪಕ್ಕದ ಮಕ್ಳೂ ಕಲೀತಾರೆ. ಅವ್ರನ್ನೇ ಎತ್ಕೊಂಡು ಹೋದ್ರೆ ಉಳಿದೋರ ಗತಿ ಏನು? ಹತ್ತು ವರ್ಷದ ಮಗೂಗೆ 'ನೀನು ಆಯ್ಕೆಯಾಗ್ಲಿಲ್ಲ' ಅಂತ ಹೇಳೋಕೆ ನಾವ್ಯಾರು?"

ನನಗೆ ರೇಗಿತು. "ನನ್ನ ಕಸ್ಟಮರ್‌ಗಳ ಮಕ್ಳು ಎಲ್‌ಕೆಜಿಗೇ ಇಂಟರ್‌ವ್ಯೂ ಕೊಟ್ಟು ಒಳ್ಳೊಳ್ಳೆ ಸ್ಕೂಲಿಗೆ ಹೋಗ್ತಾರೆ ಮೇಡಂ. ಅಲ್ಲಿ ಆರಿಸ್ಕೊಳ್ಳೋದನ್ನ ಯಾರೂ ಕೇಳಲ್ಲ. ನಮ್ಮ ಮಕ್ಳಿಗೆ ಇರೋದೊಂದೇ ಬಾಗ್ಲು, ಅದನ್ನೂ ಹಾಕ್ಬಿಡಿ ಅಂತೀರಾ?"

"ಒಂದೇ ಬಾಗ್ಲು ಯಾಕಿರ್ಬೇಕು ಅಂತ ನಾನು ಕೇಳ್ತಿರೋದು," ಅಂದರು ಅವರು. ನಾನು ಸೀಲು ಬಿದ್ದ ಅರ್ಜಿ ತಗೊಂಡು ಬಂದೆ.

ಪರೀಕ್ಷೆ ಜಯನಗರದ ಒಂದು ಶಾಲೆಯಲ್ಲಿ. ಗೇಟಿನ ಮುಂದೆ ಜಾತ್ರೆಯಷ್ಟು ಜನ. ಕೋಚಿಂಗ್ ಸೆಂಟರಿನ ಬ್ಯಾಗು ಹಾಕಿದ ಮಕ್ಕಳು ಗುಂಪು ಗುಂಪಾಗಿ ಬರುತ್ತಿದ್ದರು. ನಮ್ಮ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಒಳಗೆ ಹೋದರು, ಹೊರಗೆ ಬಂದಾಗಲೂ ಕೈ ಬಿಟ್ಟಿರಲಿಲ್ಲ. "ಮಡಿಸೋ ಪ್ರಶ್ನೆ ಬಂದಿತ್ತು ಅಮ್ಮ! ಎಲ್ಲಾ ಮಾಡಿದ್ವಿ!" ನಾನು ಫುಟ್‌ಪಾತಿನ ಮೇಲೆಯೇ ಇಬ್ಬರನ್ನೂ ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡೆ.

ಫಲಿತಾಂಶ ಮೊಬೈಲಿನಲ್ಲಿ ಬಂತು. ಉದ್ದನೆಯ ಪಟ್ಟಿ. ಬೆರಳಿನಿಂದ ತಳ್ಳುತ್ತಾ ಹೋದೆ, ಇಬ್ಬರೂ ನನ್ನ ಹೆಗಲ ಮೇಲೆ ಗದ್ದವೂರಿ ನೋಡುತ್ತಿದ್ದರು. ಗೆಳತಿಯ ನಂಬರ್ ಸಿಕ್ಕಿತು. ಮಗಳು ಕಿರುಚಿ, ಅವಳನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೆರಡು ಸಲ ನೋಡಿದೆ. ಮಗಳ ನಂಬರ್ ಇರಲಿಲ್ಲ.

ಸುಳ್ಳು ಹೇಳುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಹೊಟ್ಟೆ ಉರಿಯಿತು. ನಾನು ಹೇಳಿಕೊಟ್ಟಿದ್ದು, ನನ್ನ ಕತ್ತರಿ, ನನ್ನ ಬಟ್ಟೆ. ಮಗಳು ಗೆಳತಿಯನ್ನು ಕಳಿಸಿ ಬಂದ ಮೇಲೆ ನನ್ನ ಮಡಿಲಿನಲ್ಲಿ ಮುಖವಿಟ್ಟು ಅತ್ತಳು. "ಅವ್ಳಿಗೆ ಸಿಕ್ಕಿದ್ದಕ್ಕಲ್ಲ ಅಮ್ಮ. ಅವ್ಳು ಇಲ್ಲಿರಲ್ವಲ್ಲ, ಅದಕ್ಕೆ," ಅಂದಳು. ನನಗೆ ನಾಚಿಕೆಯಾಯಿತು.

ಎರಡು ದಿನ ಕಳೆದು ಮಗಳು ಬಂದು, ಗೆಳತಿಯ ಅಪ್ಪ ಕಳಿಸುವುದಿಲ್ಲವಂತೆ ಎಂದಳು. ಮೆಷಿನ್ ನಿಲ್ಲಿಸಿ, ಅವಳನ್ನೂ ಕರೆದುಕೊಂಡು ಹೊರಟೆ. ದಾರಿಯಲ್ಲಿ ಹೆಡ್ ಮೇಡಂ ಸಿಕ್ಕರು. ವಿಷಯ ಕೇಳಿ, "ನಡೀರಿ, ನಾನೂ ಬರ್ತೀನಿ," ಅಂದರು.

"ನೀವಾ? ಆ ಪರೀಕ್ಷೇನೇ ಬೇಡ ಅಂದಿದ್ರಿ!"

"ಪದ್ಧತಿ ತಪ್ಪು ಅನ್ನೋದು ಬೇರೆ, ಈ ಮಗು ಸೀಟು ಕಳ್ಕೊಳ್ಳೋದು ಬೇರೆ. ಬೇಗ ನಡೀರಿ."

ಅಪಾರ್ಟ್‌ಮೆಂಟಿನ ಕೆಳಗೆ, ಕಾರುಗಳ ನಡುವಿನ ಒಂದೇ ಕೋಣೆಯಲ್ಲಿ ಅವರ ಸಂಸಾರ. ಇದ್ದ ಒಂದೇ ಕುರ್ಚಿಯನ್ನು ಹುಡುಗಿಯ ಅಪ್ಪ ಮೇಡಂಗೆ ಹಾಕಿ, ತಾನು ಬಾಗಿಲಲ್ಲಿ ನಿಂತ.

"ಸಣ್ಣಾಕಿ ಅದಾಳ್ರಿ ಮೇಡಂ. ಒಬ್ಬಾಕಿನ್ನ ಹೆಂಗ ಬಿಡೂದು? ಏನರ ಆದ್ರ?"

ಮೇಡಂ ಹಾಸ್ಟೆಲಿನ ವಿಷಯ ಹೇಳಿದರು, ವಾರ್ಡನ್ ಇರುತ್ತಾರೆ ಅಂದರು. ತಿಂಗಳಿಗೊಮ್ಮೆ ನಾನೂ ಜೊತೆಗೆ ಬಂದು ನೋಡಿಕೊಂಡು ಬರುತ್ತೇನೆ ಎಂದೆ ನಾನು. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಅಷ್ಟು ಹೊತ್ತೂ ಸ್ಟೌವಿನ ಮುಂದೆ ಬೆನ್ನು ಮಾಡಿ ಕೂತಿದ್ದ ತಾಯಿ ಈ ಕಡೆ ತಿರುಗಿದರು.

"ನನ್ನ ಯಾರೂ ಎಲ್ಲಿಗೂ ಆರಿಸಲಿಲ್ಲ," ಅಂದರು ಗಂಡನಿಗೆ. "ಇಕಿನ್ನ ಆರಿಸ್ಯಾರ. ನಾನ ಹೋಗಿ ಬಿಟ್ಟು ಬರ್ತೀನಿ."

ಅವನು ಹೆಂಡತಿಯನ್ನೇ ನೋಡಿದ. ಆಮೇಲೆ ಮಗಳನ್ನು ಕರೆದು, "ಟ್ರಂಕು ಒಂದು ತರಬೇಕಲ್ಲ?" ಎಂದು ಕೇಳಿದ. ಹುಡುಗಿಯರಿಬ್ಬರೂ ಕಾರುಗಳ ಸಂದಿಯಲ್ಲಿ ಓಡಿದ ಓಟಕ್ಕೆ ಯಾವುದೋ ಕಾರಿನ ಅಲಾರಂ ಹೊಡೆದುಕೊಳ್ಳತೊಡಗಿತು.

ಹುಡುಗಿ ಹೋದಳು. ದಸರಾ ರಜೆಗೆ ಬಂದಾಗ ಒಂದು ಇಂಚು ಉದ್ದವಾಗಿದ್ದಳು, ಮಾತು ಮಾತ್ರ ಒಂದು ಮಾರು ಬೆಳೆದಿತ್ತು. ಲೈಬ್ರರಿ, ಕಬಡ್ಡಿ, ಸೈನ್ಸ್ ಲ್ಯಾಬು. ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತದಂತೆ. ಮಗಳು ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿ, "ನಮ್ಮ ಸ್ಕೂಲಲ್ಲಿ ಯಾಕಿಲ್ಲ?" ಅಂದಳು. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. ಸೀಲು ಒತ್ತಿದ ದಿನ ಹೆಡ್ ಮೇಡಂ ನನ್ನನ್ನು ಕೇಳಿದ್ದೂ ಇದನ್ನೇ ಅಲ್ಲವೆ?

ಶಾಲೆಯ ಪೋಷಕರ ಸಮಿತಿಗೆ ಆ ತಿಂಗಳೇ ಸೇರಿದೆ. ಮೊದಲ ಮೀಟಿಂಗಿನಲ್ಲಿ ಎದ್ದು ನಿಂತು, ಮುರಿದ ಬೆಂಚು ತುಂಬಿಟ್ಟ ಕೋಣೆ ಖಾಲಿ ಮಾಡಿಸೋಣ, ಮಕ್ಕಳಿಗೆ ಲ್ಯಾಬು ಮಾಡೋಣ ಎಂದೆ. ಹೆಡ್ ಮೇಡಂ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಒಂದು ಭಾನುವಾರ ಪೋಷಕರೆಲ್ಲ ಸೇರಿ ಬೆಂಚು ಹೊತ್ತೆವು, ಗೋಡೆಗೆ ಸುಣ್ಣ ಹೊಡೆದೆವು. ವಾಚ್‌ಮನ್ ಅಣ್ಣನೂ ಬಂದಿದ್ದ, ಈಗ ಅವನ ಮಗಳು ಈ ಶಾಲೆಯಲ್ಲಿಲ್ಲದಿದ್ದರೂ. ಮೈಕ್ರೋಸ್ಕೋಪನ್ನು ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟರು.

ಅದು ಬಂದ ಬೆಳಗ್ಗೆ ಅಂಗಡಿಯ ಶಟರ್ ಎಳೆದು ನಾನೂ ಶಾಲೆಗೆ ಹೋದೆ. ಸಾಲು ವರಾಂಡದ ಕೊನೆಯವರೆಗೆ ಇತ್ತು, ಪುಟ್ಟ ಒಂದನೇ ಕ್ಲಾಸಿನವರೂ ಸೇರಿದ್ದರು. ಯಾರನ್ನೂ ಆರಿಸಿರಲಿಲ್ಲ, ಎಲ್ಲರಿಗೂ ಒಂದೊಂದು ಸರದಿ. ಮಗಳು ನೋಡಿ, "ಅಯ್ಯೋ, ನಿಜವಾಗ್ಲೂ ಇಟ್ಟಿಗೆ!" ಎಂದು ಕೂಗಿದಳು. ಹಿಂದಿದ್ದ ಹುಡುಗ ಅವಳನ್ನು ಪಕ್ಕಕ್ಕೆ ತಳ್ಳಿ, ತಾನು ಕಣ್ಣಿಟ್ಟ.