ಚಂದ್ರನ ಕಾಜಾ

ಟಕ್ ಎಂದು ಹೊಲಿಗೆ ಯಂತ್ರದ ಸೂಜಿ ಮುರಿಯಿತು. ಚಕ್ರ ಅರೆಸುತ್ತು ತಿರುಗಿ ನಿಂತಿತು. ಎದುರು ಬೆಂಚಿನಲ್ಲಿ ಲಂಗದ ಅಂಚು ಮಡಚುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

"ಮತ್ತೆ ಗುಂಡುಪಿನ್ನಿನ ಮೇಲೆ ಓಡಿಸಿದೆಯೇನೋ?"

"ಪಿನ್ನೇ ಇರಲಿಲ್ಲ ಕಣಕ್ಕಾ. ಮುಟ್ಟಿ ನೋಡಿದ್ದೆ."

"ಇಲ್ಲದ ಪಿನ್ನಿಗೆ ಸೂಜಿ ಮುರೀತಾ? ಭೇಷ್!"

ಯಂತ್ರದ ಮುಂದಿದ್ದ ತಮ್ಮ ಮುಂದಕ್ಕೆ ಬಾಗಿದರು. ಬಟ್ಟೆಗೆ ಸಿಕ್ಕಿದ್ದ ತುಂಡನ್ನು ಬೆರಳಿನಿಂದ ತಡವಿ ತೆಗೆದು, ಖಾಲಿ ಪೌಡರ್ ಡಬ್ಬಿಗೆ ಹಾಕಿದರು. ಈಚೆಗೆ ಆ ಡಬ್ಬಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು.

ಬೀದಿಯವರಿಗೆಲ್ಲ ಅವರು ಕಾಜಾ ಮಾಸ್ಟರು. ಗುಂಡಿ ತೂರುವ ಸೀಳಿಗೆ ಕೈಯಲ್ಲೇ ದಾರ ಸುತ್ತಿ ಅಂಚು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಬೇರೆ ಅಂಗಡಿಗಳವರೂ ಹೊಲಿದ ಕೋಟುಗಳನ್ನು ಕಾಜಾಕ್ಕೆ ಇಲ್ಲಿಗೇ ಕಳಿಸುತ್ತಿದ್ದರು. ಆ ಕೆಲಸವನ್ನೆಲ್ಲ ಮಾಡಿದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನ ಜ್ವರದಲ್ಲಿ ಹೋಗಿತ್ತು. ಅಂದು ಅವರ ಕೈ ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದವರು, ವಾಪಸ್ಸು ಕರೆತಂದವರು ಅಕ್ಕನೇ. ಈಗ ಬಲಗಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿದರೆ ಬಹುತೇಕ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಎರಡು ಕಣ್ಣಿದ್ದವರಿಗೆ 'ಬಹುತೇಕ' ಸಣ್ಣ ಮಾತು. ಈ ಮನೆಯಲ್ಲಿ ಅದು ಊಟಕ್ಕೆ ಕೂತಾಗಲೂ ಇಬ್ಬರ ನಡುವೆ ಬಂದು ಕೂರುತ್ತಿತ್ತು.

ಅಂಗಡಿ ಮುಚ್ಚಿದ ಮೇಲೆ ಮಾಸ್ಟರು ತಾರಸಿ ಹತ್ತುತ್ತಿದ್ದರು. ಹಳೇ ಸಾಮಾನಿನವನ ಹತ್ತಿರ ಕೊಂಡ ದುರ್ಬೀನು ಅವರ ಕೊರಳಲ್ಲಿರುತ್ತಿತ್ತು. "ಎರಡು ಕೊಳವೆಯಲ್ಲಿ ಒಂದು ದಂಡ" ಎಂದು ಅಕ್ಕ ಹಾಸ್ಯ ಮಾಡುತ್ತಿದ್ದರು. ಅದರಲ್ಲಿ ನೋಡುವುದಕ್ಕೆ ಮಾಸ್ಟರಿಗೆ ಎಲ್ಲಕ್ಕಿಂತ ಇಷ್ಟವಾದದ್ದು, ಚಂದ್ರ ತನ್ನ ದಾರಿಯಲ್ಲಿ ಸಾಗುತ್ತಾ ಒಂದು ನಕ್ಷತ್ರವನ್ನು ಮರೆಮಾಡುವ ಗಳಿಗೆ. ಅದಕ್ಕೂ ಮನೆಯಲ್ಲಿ ಕಾಜಾ ಎಂದೇ ಹೆಸರು. ನಕ್ಷತ್ರ ಚಂದ್ರನ ಅಂಚಿನಲ್ಲಿ ತೂರಿ ಮರೆಯಾದರೆ ಗುಂಡಿ ಹಾಕಿತು, ಆಚೆ ಬದಿಯಲ್ಲಿ ಹೊರಬಂದರೆ ಗುಂಡಿ ಬಿಚ್ಚಿತು.

ಅಂದು ಸಂಜೆ ಎಳೆಯ ಚಂದ್ರ ಕೃತ್ತಿಕೆಯನ್ನು ಹಾದುಹೋಗುವುದಿತ್ತು. ಆ ಪುಟ್ಟ ನಕ್ಷತ್ರಗಳ ಗೊಂಚಲಿನ ಮೇಲೆ ಮಾಸ್ಟರು ಒಂದು ಒಪ್ಪಂದ ಮಾಡಿದ್ದರು. ಗುಂಡಿ ಹಾಕುವುದು ಕಣ್ಣಿಗೆ ಬಿದ್ದರೆ ಈ ವರ್ಷ ಆಪರೇಷನ್ ಬೇಡ. ಬೀಳದಿದ್ದರೆ ಬೆಳಗಾಗುತ್ತಲೇ ಆಸ್ಪತ್ರೆ. ಅಕ್ಕ ತಕ್ಷಣ ಒಪ್ಪಿದ್ದರು. ಕಣ್ಣಿಗೆ ಬೀಳಲಿ ಎಂದು ತಮ್ಮನಿಗಿಂತ ಹೆಚ್ಚಾಗಿ ಬಯಸಿದ್ದವರು ಅವರು.

ಪಡುವಣದಲ್ಲಿ ಬೆಳಕು ಇಂಗುತ್ತಿತ್ತು. ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು, ಮೊಣಕೈಗಳನ್ನು ಗೋಡೆಗೆ ಊರಿ ಮಾಸ್ಟರು ನೋಡಿದರು.

"ಏನಪ್ಪಾ, ಕಾಣ್ತಿದೆಯಾ?"

"ತಡಿ ಅಕ್ಕಾ." ಸ್ವಲ್ಪ ಹೊತ್ತಿನ ಮೇಲೆ ಅವರ ದನಿ ಬದಲಾಯಿತು. "ಅಯ್ಯೋ, ಎಲ್ಲಕ್ಕಿಂತ ದೊಡ್ಡದಿದೆಯಲ್ಲ, ಅದರ ಪಕ್ಕದಲ್ಲಿ ಒಂದು ಮರಿ ಇದೆ! ಅಲ್ಲಿ ಸಣ್ಣವು ಇರ್ತವೆ ಅಂತ ಪುಸ್ತಕದಲ್ಲಿ ಓದಿದ್ದೆ. ಇಷ್ಟು ವರ್ಷ ಒಂದೂ ಕಂಡಿರಲಿಲ್ಲ."

"ನೋಡಿದೆಯಾ ಮತ್ತೆ! ಕನ್ನಡಕ ಹಾಕಬೇಕಾದ್ದು ಆ ಡಾಕ್ಟರಿಗೆ."

ಚಂದ್ರನ ಕತ್ತಲ ಭಾಗ ಬೂದಿಯ ಬಣ್ಣದಲ್ಲಿ ಮಂಕಾಗಿ ತೋರುತ್ತಿತ್ತು. ದೊಡ್ಡ ನಕ್ಷತ್ರ ಅದರ ಅಂಚಿಗೆ ಬಂತು. ಅದರ ಮರಿ ಇನ್ನೂ ಅಂಚಿನಿಂದ ದೂರದಲ್ಲಿತ್ತು. ನಕ್ಷತ್ರಗಳು ಹೀಗೆ ಹೋಗುವಾಗ ಮೆಲ್ಲಗೆ ಮಂಕಾಗುವುದಿಲ್ಲ; ಯಾರೋ ಸ್ವಿಚ್ಚು ಒತ್ತಿದಂತೆ ಆರುತ್ತವೆ. ದೊಡ್ಡದು ಆರಿತು. ಅದೇ ಗಳಿಗೆಯಲ್ಲಿ ಮರಿಯೂ ಆರಿತು.

"ಹಾಕಿತು" ಎಂದರು ಮಾಸ್ಟರು.

ಮರಿ ಹೋಗಬಾರದಿತ್ತು. ಪ್ರತಿ ಗುಂಡಿಗೂ ಅದರದೇ ಸರದಿ. ಚಂದ್ರ ಮುಟ್ಟದೆ ಯಾವುದೂ ಹೋಗುವುದಿಲ್ಲ. ಅಂಗಿಯ ಚುಂಗಿನಲ್ಲಿ ಗಾಜು ಒರೆಸಿ ಉಳಿದವುಗಳಲ್ಲಿ ಇನ್ನೊಂದನ್ನು ನೋಡಿದರು. ಅದರ ಪಕ್ಕದಲ್ಲೂ, ಅದೇ ಬದಿಗೆ, ಅಷ್ಟೇ ದೂರದಲ್ಲಿ ಒಂದು ಮರಿ. ದುರ್ಬೀನು ಇಳಿಸಿ ಬೀದಿಯ ದೀಪ ನೋಡಿದರು. ಅದಕ್ಕೂ ಒಂದು ಜೊತೆಗಾರ; ಕಣ್ಣಿನ ಪೊರೆ ಒಂದನ್ನು ಎರಡು ಮಾಡುತ್ತಿತ್ತು. ಮಧ್ಯಾಹ್ನ ಪಿನ್ನು ತೆಗೆಯಲು ಹೋದಾಗ ಬೆರಳಿಗೆ ಬರೀ ಬಟ್ಟೆ ಸಿಕ್ಕಿತ್ತು. ನಿಜವಾದ ಪಿನ್ನು ಕಂಡ ಜಾಗದ ಪಕ್ಕದಲ್ಲೇ ಇದ್ದಿರಬೇಕು.

"ಗೆದ್ದೆ ಬಿಡು!" ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಒಪ್ಪಂದ ಅಂದ್ರೆ ಒಪ್ಪಂದ. ಆಸ್ಪತ್ರೆ ಸುದ್ದಿ ಯಾರೂ ಎತ್ತಕೂಡದು. ಕಂಡಿತು ತಾನೇ?"

"ಕಂಡಿತಕ್ಕಾ. ಇರೋದಕ್ಕಿಂತ ಹೆಚ್ಚಿಗೇ ಕಂಡಿತು."

ಅವರು ದುರ್ಬೀನನ್ನು ಅಕ್ಕನ ಕೊರಳಿಗೆ ಹಾಕಿದರು. "ಆಚೆ ಬದಿಯಲ್ಲಿ ಬಿಚ್ಚುತ್ತೆ, ನೋಡ್ತಿರು. ಆ ಚೀಲ ಎಲ್ಲಿಟ್ಟಿದ್ದೀಯಾ?"

"ಯಾವ ಚೀಲ?"

"ಊರಿಗೆ ಹೋಗುವಾಗಿನದು. ಒಂದೆರಡು ಜೊತೆ ಬಟ್ಟೆ ತುಂಬಿಕೋಬೇಕು. ಬೆಳಿಗ್ಗೆ ಬೇಗ ಹೊರಡೋಣ."

"ಎಲ್ಲಿಗೋ? ಗೆದ್ದವನು ನೀನು ಕಣೋ! ನಿಂಗೇನು ತಲೆ ಕೆಟ್ಟಿದೆಯಾ? ಇಲ್ಲಿ ಕೇಳು, ನಾನು ಹೇಳ್ತಿರೋದು ಏನಂದ್ರೆ..."

ಮಾಸ್ಟರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಎರಡೆರಡಾಗಿ ತೋರುತ್ತಿದ್ದ ಅಂಚುಗಳಲ್ಲಿ ಇರುವುದು ಯಾವುದೆಂದು ಪಾದದಿಂದ ತಡವಿ ನೋಡುತ್ತ, ಒಂದಾದ ಮೇಲೊಂದು.